ಕಾರ್ಗಲ್ಲಿನ ಧ್ವನ್ಯಾಲೋಕ

ನಮ್ಮನೆಯವಳು ಅಲಂಕಾರಶಾಸ್ತ್ರ ಓದಿಲ್ಲ. ಓದಿದವನು ನಾನು. ಆದ್ದರಿಂದಲೇ ಇರಬೇಕು, ಮನೆಯಲ್ಲಿ ಅವಳ ಮಾತು ಅರ್ಥವಾಗದವನು ನಾನೊಬ್ಬನೇ.

ಒಂಬತ್ತನೇ ಶತಮಾನದ ಕಾಶ್ಮೀರದ ಆನಂದವರ್ಧನ, ಮಾತಿನ ವಾಚ್ಯಾರ್ಥದಾಚೆ ಹೊಳೆಯುವ ಧ್ವನಿಯೇ ಕಾವ್ಯದ ಆತ್ಮ ಎಂದ. ಅವನ ಒಂದು ಉದಾಹರಣೆಯಲ್ಲಿ, ಗೋದಾವರಿ ದಡದಲ್ಲಿ ಅಡ್ಡಾಡುವ ಧಾರ್ಮಿಕನೊಬ್ಬನಿಗೆ ಹೆಣ್ಣೊಬ್ಬಳು ಇನ್ನು ಧೈರ್ಯವಾಗಿ ತಿರುಗಾಡು ಅನ್ನುತ್ತಾಳೆ. ಅವನನ್ನು ಕಾಡುತ್ತಿದ್ದ ನಾಯಿಯನ್ನು ಅಲ್ಲೇ ಇರುವ ಸಿಂಹ ಕೊಂದಿತೆಂಬ ಸುದ್ದಿಯನ್ನೂ ಸೇರಿಸುತ್ತಾಳೆ. ಬಾಯಲ್ಲಿ 'ಬಾ', ಧ್ವನಿಯಲ್ಲಿ 'ಇತ್ತ ತಲೆ ಹಾಕಬೇಡ'.

ತಾಳಮದ್ದಳೆಗೆ ಹೋಗಲಾ ಎಂದು ನಾನು ಕೇಳಿದಾಗ ಇವಳೂ ಹಾಗೇ. "ಹೋಗಿ ಬನ್ನಿ, ಅದಕ್ಕೇನು? ನಿನ್ನೆ ರಾತ್ರಿ ಹಿತ್ತಲಲ್ಲಿ ಏನೋ ಸದ್ದಾಗಿತ್ತು, ಅಷ್ಟೇ." ನಾನು ಕೊಡೆ ಹಿಡಿದು ಹೊರಟೆ. ಮರುದಿನ ಕಾಫಿ ಲೋಟ ಮೇಜಿಗೆ ಬಡಿದ ಸದ್ದಿನಲ್ಲಿ ಧ್ವನಿಯ ಎರಡೂ ಅರ್ಥ ಒಟ್ಟಿಗೇ ಕೇಳಿಸಿದವು.

ಎರಡು ಶತಮಾನದ ಬಳಿಕ ಅದೇ ಕಾಶ್ಮೀರದ ಮಮ್ಮಟ, 'ಹೊತ್ತು ಮುಳುಗಿತು' ಎಂಬ ಒಂದೇ ಮಾತು ಕೇಳುವವರಿಗೆ ತಕ್ಕಂತೆ ಹತ್ತಾರು ಅರ್ಥ ಕೊಡುತ್ತದೆ ಎಂದ. ದನ ಮೇಯಿಸುವವನಿಗೆ ಒಂದು, ವ್ಯಾಪಾರಿಗೆ ಇನ್ನೊಂದು. ನಮ್ಮೂರು ಕಾರ್ಗಲ್ಲಿನ ಮಳೆಗಾಲಕ್ಕೆ ಈ ಉದಾಹರಣೆ ಒಗ್ಗುವುದಿಲ್ಲ. ಮುಳುಗಲು ಮೊದಲು ಸೂರ್ಯ ಕಾಣಬೇಕಲ್ಲ! ನಮ್ಮಲ್ಲಿ ಆ ಜಾಗಕ್ಕೆ "ಡ್ಯಾಮ್ 1815 ಆತಂತೆ" ಇದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಪೂರ್ಣಮಟ್ಟ 1819 ಅಡಿ. ಅದನ್ನು ನೋಡಿಕೊಳ್ಳುವ ಕೆ.ಪಿ.ಸಿ.ಯವರಿಗೆ ಈ ಮಾತು ಗೇಟಿನ ಚಿಂತೆ, ಹೊಳೆಯ ಕೆಳಗಿನವರಿಗೆ ಎಚ್ಚರಿಕೆ, ಜೋಗದಲ್ಲಿ ಜೋಳ ಸುಡುವವರಿಗೆ ವ್ಯಾಪಾರ. ನಮ್ಮನೆಯವಳ ಬಾಯಲ್ಲಿ ಬಂದರೆ, ಗೇಟು ತೆಗೆದ ಕೂಡಲೇ ಬೆಂಗಳೂರಿನ ನೆಂಟರು ಜೋಗ ನೋಡಲು ಇಳಿಯುತ್ತಾರೆ, ಅಟ್ಟದಿಂದ ಹಲಸಿನ ಹಪ್ಪಳದ ಡಬ್ಬ ಇಳಿಸಿ, ಮುಗ್ಗಲು ಹಿಡಿದ ಕಂಬಳಿ ಒಲೆ ಹತ್ತಿರ ಹರಡಿ, ಸಕ್ಕರೆ ತನ್ನಿ ಎಂದರ್ಥ. ನಾನು ಪೇಪರಿನಿಂದ ತಲೆಯೆತ್ತದೆ "ಇನ್ನೂ ನಾಲ್ಕಡಿ ಬೇಕು" ಅಂದೆ.

ಅರ್ಥವೇ ಆಗುವುದಿಲ್ಲ ಅಂತಲ್ಲ. ವ್ಯಂಗ್ಯಾರ್ಥ, ಅಂದರೆ ಆ ಧ್ವನಿ, ಹೊಳೆದರೆ ಕುರ್ಚಿ ಬಿಟ್ಟು ಏಳಬೇಕು. ವಾಚ್ಯಾರ್ಥವಾದರೆ ಕೂತೇ ಇರಬಹುದು. ಧ್ವನಿ ತಿಳಿಯಲು ಸಹೃದಯನಾಗಿರಬೇಕು ಎಂದ ಆನಂದವರ್ಧನ, ಸೊಂಟವೂ ಗಟ್ಟಿ ಇರಬೇಕೆಂದು ಹೇಳಲಿಲ್ಲ.

ಇವಳೇನು ಕಡಿಮೆಯೆ? ವೇದ ಒಡೆಯನಂತೆ, ಪುರಾಣ ಗೆಳೆಯನಂತೆ, ಕಾವ್ಯ ಕಾಂತೆಯಂತೆ ಬುದ್ಧಿ ಹೇಳುತ್ತವೆ ಎಂದು ಮಮ್ಮಟ ಮೂರು ಮಾಡಿ ಹಂಚಿದ್ದನ್ನು ಒಬ್ಬಳೇ ನಿಭಾಯಿಸುತ್ತಾಳೆ. ಮೊದಲು ಕಾವ್ಯ: "ಹಂಡೆ ನೀರು ಕಾಯಲೇ ಇಲ್ಲ." ಸ್ವಲ್ಪ ಹೊತ್ತಿಗೆ ಪುರಾಣ: "ಕಟ್ಟಿಗೆ ಹಸಿ ಇರಬೇಕು, ಒಂಚೂರು ನೋಡ್ತೀರಾ ಮಾರಾಯ್ರೆ?" ಕೊನೆಗೆ ವೇದ: "ಏಳಿ ಮೇಲೆ!"

ಎದ್ದೆ. ವೇದ ಅಪೌರುಷೇಯ ಎನ್ನುವುದು ನಮ್ಮನೆಯ ಮಟ್ಟಿಗೆ ವಾಚ್ಯಾರ್ಥದಲ್ಲೇ ನಿಜ.