ಕೌದಿ ಕಾಕೂನ ಖರೀದಿ

ಮಹಾರಾಷ್ಟ್ರದ ಗಡಿಯ ತುರೋರಿಯಲ್ಲಿ ಯಾರಾದರೂ ಹೊಸ ಅರಿವಿ ತೊಟ್ಟು ಹೊರಬಿದ್ದರೆ, ಅದು ಹಳೆಯದಾಗುವುದು ಯಾವಾಗ ಎಂದು ಲೆಕ್ಕ ಹಾಕುವವಳು ಒಬ್ಬಳಿದ್ದಾಳೆ. ಕೌದಿ ಕಾಕು. ತುರೋರಿಗೆ ಮಾತ್ರ ಸೇರಿದವಳಲ್ಲ. ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಓಣಿಗೊಬ್ಬಳು ಸಿಗುತ್ತಾಳೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಜಗಳ ಹತ್ತಿದರೆ ಹಿಂದಿ. ಲಗ್ನದ ಮನೆಯಲ್ಲಿ ಉಳಿದ ಹೆಂಗಸರೆಲ್ಲ ಮದುಮಗಳ ಕೊರಳಿನ ತೊಲ ಎಣಿಸುತ್ತಿದ್ದರೆ, ಕಾಕು ಬೀಗತಿಯ ಪಕ್ಕ ಕುಳಿತು ಅವಳ ಸೆರಗನ್ನು ಎರಡು ಬೆರಳಿನಲ್ಲಿ ತಿಕ್ಕಿ ನೋಡುತ್ತಾಳೆ. ಬೀಗತಿ ಅದನ್ನು ಪ್ರೀತಿ ಎಂದು ತಿಳಿಯುತ್ತಾಳೆ.

ಹಳೇ ಅರಿವಿಯ ರಾಶಿ ಕಂಡರೆ ಕಾಕು ಮೊದಲು ಮುಖ ಸಿಂಡರಿಸುತ್ತಾಳೆ. ಇದು ವ್ಯಾಪಾರದ ಮೊದಲ ಪಾಠ. ಆಮೇಲೆ ರಾಶಿಯ ತಳಕ್ಕೆ ಕೈ ಹಾಕಿ, ಮೇಲಿನದನ್ನೆಲ್ಲ ಕೆಳಗೆ ಮಾಡಿ, ತನಗೆ ಬೇಡವಾದ ಒಂದು ಜಂಪರನ್ನು ಎತ್ತಿ ಅದರ ರೇಟು ಕೇಳುತ್ತಾಳೆ. ಬೇಕಾದ ಲುಗಡಿ ಅಷ್ಟರಲ್ಲಿ ಅವಳ ಮೊಣಕಾಲ ಕೆಳಗೆ ಸೇರಿರುತ್ತದೆ. ಇನ್ನು ಪರೀಕ್ಷೆ. ಅಂಚಿನಿಂದ ಒಂದು ಎಳೆ ಎಳೆದು, ಪಾನ್ ಅಂಗಡಿಯವನ ಕಡ್ಡಿಪೆಟ್ಟಿಗೆ ಇಸಿದುಕೊಂಡು, ಅಲ್ಲೇ ಸುಟ್ಟು ಮೂಸುತ್ತಾಳೆ. ಕಾಗದ ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಹತ್ತಿ. ಕರಗಿ ಕರೀ ಗುಂಡಾದರೆ ಪಾಲಿಯೆಸ್ಟರ್. ಗುಂಡು ಸಿಕ್ಕಿತೆಂದರೆ ಅದನ್ನು ಅಂಗೈಯಲ್ಲಿಟ್ಟು ಸುತ್ತ ನಿಂತವರಿಗೆಲ್ಲ ದರ್ಶನ ಮಾಡಿಸುತ್ತಾಳೆ: “ನೋಡ್ರಿ, ಪ್ಲಾಸ್ಟಿಕ್ ಮಾರಲತ್ತಾನ!” ರೇಟು ಅರ್ಧಕ್ಕೆ ಇಳಿಯುತ್ತದೆ. ಅಸಲಿ ಹತ್ತಿ ಎಂದು ಸಾಬೀತಾದರೂ ಇಳಿಯಲೇಬೇಕು. ಒಂದು ಎಳೆ ಸುಟ್ಟುಹೋಗಿದೆ, ಮಾಲು ಖೋಟಾ ಆಯಿತಲ್ಲ!

ಲೋಕದ ಜನ ಸೊಲ್ಲಾಪುರಕ್ಕೆ ಚಾದರ ಕೊಳ್ಳಲು ಹೋಗುತ್ತಾರೆ. ಕಾಕು ಹೋಗುವುದು ಅಲ್ಲಿ ಸಾಲೆಯ ಯುನಿಫಾರ್ಮ್ ಹೊಲಿಯುವ ಕಾರಖಾನೆಗಳ ಹಿಂಬಾಗಿಲಿಗೆ. ಕತ್ತರಿಸಿ ಉಳಿದ ಚಿಂದಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಟೆರಿಕಾಟ್ ಮೈಗೆ ಆಗದಿದ್ದರೂ ಮೇಲೆ ತೇಪೆ ಹಚ್ಚಲು ನಡೆಯುತ್ತದೆ. ನಡುವಿನ ಪದರಿಗೆ ಸವೆದ ಧೋತರ, ಒಂಬತ್ತು ವಾರಿ ಸೀರೆ ಇದ್ದೇ ಇವೆ. ಹೀಗಾಗಿ ಮೊಮ್ಮಗ ಹೊದೆಯುವ ಕೌದಿಯಲ್ಲಿ ಹತ್ತಾರು ಸಾಲೆಗಳ ಚೌಕಡಿ ಇವೆ. ಅವನು ಮಾತ್ರ ಒಂದು ಸಾಲೆಗೂ ನೆಟ್ಟಗೆ ಹೋಗುವುದಿಲ್ಲ.

ಬಸ್ಸಿನ ವಿಷಯದಲ್ಲಿ ಕಾಕೂಗೆ ರಾಜ್ಯಗಳ ಮೇಲೆಯೇ ಸಿಟ್ಟಿದೆ. 2023ರ ಮಾರ್ಚಿನಲ್ಲಿ ಮಹಾರಾಷ್ಟ್ರದ ಎಸ್‌ಟಿ ಹೆಂಗಸರಿಗೆ ಅರ್ಧ ಟಿಕೆಟ್ ಮಾಡಿತು. ಕಾಕು ಖುಷಿಯಲ್ಲಿದ್ದಾಗಲೇ, ಅದೇ ವರ್ಷ ಜೂನ್ 11ಕ್ಕೆ ಕರ್ನಾಟಕದಲ್ಲಿ ಶಕ್ತಿ ಯೋಜನೆ ಬಂದು ಬಸವಕಲ್ಯಾಣದ ತಂಗಿ ಪೂರಾ ಪುಕ್ಕಟೆ ಓಡಾಡತೊಡಗಿದಳು. ಕರ್ನಾಟಕದ ಗುರುತಿನ ಚೀಟಿ ಇದ್ದವರಿಗಷ್ಟೇ ಆ ಭಾಗ್ಯ. 1956ರಲ್ಲಿ ಹೈದರಾಬಾದ್ ರಾಜ್ಯವನ್ನು ಹರಿದು ಹಂಚಿದಾಗ ಕಲ್ಯಾಣ ಮೈಸೂರಿಗೆ ಹೋಯಿತು, ಉಮರ್ಗಾ ಮುಂಬಯಿಗೆ. “ಗೆರಿ ಒಂದೀಟು ಈ ಕಡಿ ಸರಿಸಿ ಎಳದಿದ್ರ ಅವರಪ್ಪಂದೇನ್ ಹೋಗ್ತಿತ್ತು?” ಎನ್ನುತ್ತಾಳೆ. ಗಡಿ ತಂಟೆಯ ಇಷ್ಟೆಲ್ಲ ಅರ್ಜಿಗಳಲ್ಲಿ ಈ ಕಾರಣ ಯಾರಿಗೂ ಹೊಳೆದಂತಿಲ್ಲ. ಈಗ ತಂಗಿ ಶೂನ್ಯ ಟಿಕೆಟಿನಲ್ಲಿ ಹುಮನಾಬಾದ್, ಬೀದರ, ಕಲಬುರಗಿ ಸುತ್ತಿ ಚಿಂದಿ ಕೂಡಿಹಾಕುತ್ತಾಳೆ, ಅಕ್ಕ ಹೋಗಿ ತರುತ್ತಾಳೆ. ವಾಪಸು ಬರುವಾಗ ಕಂಡಕ್ಟರ್ ಗಂಟಿಗೆ ಲಗೇಜ್ ಚಾರ್ಜ್ ಕೇಳಿದರೆ ಕಾಕು ಅದರ ಮೇಲೆ ತಲೆ ಇಟ್ಟು ಕಣ್ಣು ಮುಚ್ಚುತ್ತಾಳೆ. ದಿಂಬಿಗೆ ಎಲ್ಲಿಯ ಟಿಕೆಟ್ಟು? ಇಪ್ಪತ್ತು ರೂಪಾಯಿಯ ಚಿಂದಿಗೆ ಎಂಬತ್ತು ರೂಪಾಯಿ ಖರ್ಚಾಯಿತು ಎಂದು ಮಗ ಲೆಕ್ಕ ಹೇಳಿದರೆ, ತಂಗಿಯನ್ನು ಮಾತಾಡಿಸಿದ್ದರ ಬಾಬ್ತನ್ನೂ ಚಿಂದಿಯ ತಲೆಗೆ ಕಟ್ಟುತ್ತೀಯಲ್ಲ ಎಂದು ಬೈಸಿಕೊಳ್ಳುತ್ತಾನೆ.

2022ರ ಏಪ್ರಿಲಿನಲ್ಲಿ ಉದಗೀರದಲ್ಲಿ 95ನೇ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ನಡೆಯಿತು. ಹೋಗಿ ಬಂದವರು ಭಾಷಣದ ಸುದ್ದಿ ಹೇಳುತ್ತಿದ್ದರೆ ಕಾಕೂನ ಪ್ರಶ್ನೆ ಒಂದೇ: ಆ ಪೆಂಡಾಲಿನ ಅರಿವಿ ಹರಿದ ಮೇಲೆ ಯಾರಿಗೆ ಕೊಡ್ತಾರ?

ಕೌದಿ ಬಿಚ್ಚಿ ಹಾಸಿದಳೆಂದರೆ ಅದು ಇತಿಹಾಸ. ಈ ಹಸಿರು ಅವ್ವನ ಇಳಕಲ್ಲು, ಈ ಗೀರಿನದು ಮಾವನ ಪಾಯಜಾಮ. ಇಸವಿ ಕೇಳಿದರೆ ಭೂಕಂಪದ ಹಿಂದು, ಭೂಕಂಪದ ಮುಂದು ಎನ್ನುತ್ತಾಳೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿ ನಡುಗಿದ್ದು ಈ ಸೀಮೆಯ ಪಂಚಾಂಗವನ್ನೇ ಎರಡು ಮಾಡಿದೆ. ಅಂದು ಮನೆಯಿಂದ ಹೊರಗೆ ಓಡುವಾಗ ಹೆಗಲ ಮೇಲಿದ್ದ ಕೌದಿ ಇನ್ನೂ ಪೆಟ್ಟಿಗೆಯಲ್ಲಿದೆ. ಅದರ ಮೇಲೆ ಮಾತ್ರ ಹೊಸ ತೇಪೆ ಹಚ್ಚುವುದಿಲ್ಲ.

ಪುಣೆಯ ಅಳಿಯ ಒಮ್ಮೆ ಫೋನಿನಲ್ಲಿ ಅಮೆರಿಕದ ಕೌದಿ ತೋರಿಸಿದ. ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಕರಿಯ ಹೆಂಗಸರು ದುಡಿದು ಹರಿದ ಪ್ಯಾಂಟು, ಅಂಗಿಗಳಲ್ಲಿ ಹೊಲಿದವು. 2006ರಲ್ಲಿ ಅಲ್ಲಿನ ಸರಕಾರ ಅವುಗಳ ಅಂಚೆ ಚೀಟಿಯನ್ನೂ ಹೊರಡಿಸಿತು. ಕಾಕು ಬಹಳ ಹೊತ್ತು ನೋಡಿ, “ಕೈ ಛಲೋ ಅದಾ” ಎಂದು ಒಪ್ಪಿದಳು. ಆದರೆ ಅದೇ ದೇಶದಲ್ಲಿ ಇನ್ನು ಕೆಲವರು ಅಂಗಡಿಯಿಂದ ಹೊಸ ಥಾನು ತಂದು, ಚೂರು ಚೂರು ಕತ್ತರಿಸಿ, ಮತ್ತೆ ಜೋಡಿಸುತ್ತಾರೆ ಎಂದಾಗ ಫೋನು ತಿರುಗಿಸಿ ಕೊಟ್ಟಳು. “ಹರಿಯೂತನಕ ತಡ್ಕೊಳ್ಳಾಕ ಆಗೂದಿಲ್ಲೇನ್ ಅವರಿಗೆ?”

ತೊಂದರೆ ಏನೆಂದರೆ, ಕಾಕು ತಿಂಗಳಿಗೆ ತರುವಷ್ಟು ಅರಿವಿಯನ್ನು ಹೊಲಿದು ಮುಗಿಸಲು ವರ್ಷ ಬೇಕು. ಮಂಚದ ಕೆಳಗೆ ಗಂಟು, ಅಟ್ಟದ ಮೇಲೆ ಗಂಟು, ಜೋಳದ ಕಣಜದ ಹಿಂದೆ ಗಂಟು. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಈಗ ಮೊಮ್ಮಗ ಬೇಕು, ಅವನು ಒಂದು ದಾರಕ್ಕೆ ಒಂದು ರೂಪಾಯಿ ಕೇಳುತ್ತಾನೆ. ಮೊನ್ನೆ ಕಾಕು ಕಲ್ಯಾಣಕ್ಕೆ ಹೋದ ಹೊತ್ತು ನೋಡಿ, ಹಳೇ ಅರಿವಿಗೆ ಸ್ಟೀಲ್ ಭಾಂಡೆ ಕೊಡುವ ಬೋಹಾರೀಣ ಓಣಿಗೆ ಬಂದಳು. ಸೊಸೆ ಕಣಜದ ಹಿಂದಿನ ಗಂಟು ಎಳೆದು ಕೊಟ್ಟು ಮುಚ್ಚಳದ ಡಬ್ಬಿಯೊಂದನ್ನು ತೆಗೆದುಕೊಂಡಳು.

ವಾರದ ಮೇಲೆ ಬೋಹಾರೀಣ ಮತ್ತೆ ಬಂದಾಗ ಕಾಕು ಮನೆಯಲ್ಲೇ ಇದ್ದಳು. ಊರೆಲ್ಲ ಅರಿವಿ ಕೊಟ್ಟು ಭಾಂಡೆ ಒಯ್ಯುತ್ತದೆ. ಕಾಕು ಭಾಂಡೆ ಕೊಟ್ಟು ಅರಿವಿ ಒಯ್ಯುವವಳು. ಬುಟ್ಟಿಯ ಬದಿಯ ಗಂಟು ಬಿಚ್ಚಿದಳು, ಮುಖ ಸಿಂಡರಿಸಿದಳು, ಎಳೆ ಸುಟ್ಟಳು, ತಾಸುಗಟ್ಟಲೆ ಹೊಡೆದಾಡಿದಳು. ಕಡೆಗೆ ಒಳಗೆ ಹೋಗಿ, ಮಾಡದಲ್ಲಿ ಹೊಳೆಯುತ್ತಿದ್ದ ಮುಚ್ಚಳದ ಡಬ್ಬಿ ತಂದು ಕೊಟ್ಟು, ಮೇಲೆ ಇಪ್ಪತ್ತು ರೂಪಾಯಿ ಎಣಿಸಿದಳು. ಬೋಹಾರೀಣ ಡಬ್ಬಿಯನ್ನು ತಿರುಗಿಸಿ ನೋಡಿದಳು, ಸೊಸೆಯನ್ನು ನೋಡಿದಳು, ತುಟಿ ಪಿಟ್ಟೆನ್ನದೆ ಬುಟ್ಟಿ ಎತ್ತಿಕೊಂಡಳು.

“ನೋಡು,” ಎಂದು ಕಾಕು ಗಂಟನ್ನು ಸೊಸೆಯ ಮುಂದೆ ಸುರಿದಳು, “ಎಲ್ಲಾ ಅಸಲಿ ಹತ್ತಿ. ನನ್ನ ಹತ್ರ ಇರೂದಕ್ಕ ಬರೋಬರ್ ಜೋಡಿ. ಯಾ ದರಿದ್ರ ಕೈಬಿಟ್ಟದೋ ಏನೋ!”