ಜಲತೀರ ಭೋಜನ ಮೀಮಾಂಸೆ: ಘಟ್ಟದ ಬುಡದಿಂದ ಒಂದು ಅನುಸಂಧಾನ

ಅಧ್ಯಾಯ 1: ವ್ಯಾಪ್ತಿ, ಮಿತಿ ಮತ್ತು ಮಿತಿಮೀರಿದ್ದು

ಪ್ರಸ್ತುತ ಅಧ್ಯಯನವು ಪುತ್ತೂರು, ಸುಳ್ಯ, ಕಡಬವೆಂಬ ತಾಲೂಕುತ್ರಯದ ಪ್ರಜೆಗಳು ಮಂಗಳೂರೆಂಬ ಜಲಪರಿವೃತ ಮಹಾನಗರಕ್ಕೆ ಇಳಿದು, ಅಲ್ಲಿನ ಮೇಲ್ದರ್ಜೆಯ ಹೋಟೆಲುಗಳಲ್ಲಿ ಉಂಡು, ಅಥವಾ ಉಂಡೆವೆಂದು ಭಾವಿಸಿ, ಮರಳಿ ಘಟ್ಟದ ಬುಡ ಸೇರುವ ಸಾಂಸ್ಕೃತಿಕ ವಿದ್ಯಮಾನವನ್ನು ಭೋಜನೋತ್ತರ ಸೈದ್ಧಾಂತಿಕ ಚೌಕಟ್ಟಿನಲ್ಲಿ ಪರಾಮರ್ಶಿಸುವ ವಿನಮ್ರ ಪ್ರಯತ್ನವಾಗಿದೆ. ಈ ಕ್ಷೇತ್ರದಲ್ಲಿ ಪೂರ್ವಸೂರಿಗಳಿಲ್ಲ. ಉಂಡವರೆಲ್ಲ ಬಿಲ್ಲು ನೋಡಿದ ಮೇಲೆ ಮೌನ ತಾಳಿದ್ದರಿಂದ ಆಕರ ಸಾಮಗ್ರಿಯೂ ದೊರೆಯಲಿಲ್ಲ. ಪರಿಭಾಷೆ ಮಾತ್ರ ಧಾರಾಳವಾಗಿದೆ. ಅದು ನನ್ನ ಸೃಷ್ಟಿಯಲ್ಲ. ವಿಚಾರಸಂಕಿರಣಗಳಲ್ಲಿ ಊಟದ ಹೊತ್ತು ಮೀರಿದರೂ ಮುಗಿಯದ ಪ್ರಬಂಧಗಳನ್ನು ಕೇಳುತ್ತ ಕೂತಾಗ ಖಾಲಿ ಹೊಟ್ಟೆಗೆ ಇಳಿದದ್ದು.

ಮೂರೂ ತಾಲೂಕುಗಳಿಗೆ ಸಮುದ್ರವಿಲ್ಲ. ಪುತ್ತೂರಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು, ಸುಬ್ರಹ್ಮಣ್ಯದಿಂದ ನೂರರ ಮೇಲೆ. ಒಂದು ಊಟಕ್ಕೆ ಇಷ್ಟು ದೂರ ಕಾರು ಬಿಟ್ಟುಕೊಂಡು ಹೋಗಲು ಕಾರಣಗಳು ಮೂರು: ಅಡಿಕೆಗೆ ರೇಟು ಬಂದದ್ದು, ಮದುವೆ ಮಾತುಕತೆ ಕುದುರಿದ್ದು, ಬೆಂಗಳೂರಿನಿಂದ ಮಗ ಬಂದದ್ದು. ಮೂರನೆಯದು ಅತ್ಯಂತ ಅಪಾಯಕಾರಿ. ಹೋಟೆಲು ಆರಿಸುವುದು ಮಗ, ಬಿಲ್ಲು ಕೊಡುವುದು ಅಪ್ಪ.

ಅಧ್ಯಾಯ 2: ಜಲದರ್ಶನದ ಮೌಲ್ಯ ಸಿದ್ಧಾಂತ

ಜಲತೀರದ ಹೋಟೆಲಿನಲ್ಲಿ ಮೊದಲು ಬಡಿಸುವುದು ನೀರನ್ನು. ಕುಡಿಯಲಿಕ್ಕಲ್ಲ, ನೋಡಲಿಕ್ಕೆ. ಗಾಜಿನಾಚೆ ಕಾಣುವ ಆ ನೀರಿನ ವಂಶಾವಳಿಯನ್ನು ಶೋಧಿಸಿದಾಗ ಆಘಾತಕಾರಿ ಅಂಶವೊಂದು ಬೆಳಕಿಗೆ ಬಂತು. ಕುಮಾರಪರ್ವತದ ಕಡೆಯಿಂದ ಇಳಿದು, ಸುಬ್ರಹ್ಮಣ್ಯದಲ್ಲಿ ಭಕ್ತರ ಮೈ ತೊಳೆದು, ಕಡಬದ ತೋಟಗಳ ಬದಿಯಲ್ಲಿ ಹರಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುವ ನಮ್ಮ ಕುಮಾರಧಾರೆಯೇ ಅದರಲ್ಲಿದೆ. ಬಂಟ್ವಾಳ ದಾಟಿ, ತುಂಬೆಯ ಅಣೆಕಟ್ಟಿನಲ್ಲಿ ಮಂಗಳೂರಿಗೆ ಕುಡಿಯಲು ಒಂದು ಪಾಲು ಕೊಟ್ಟು, ಉಳಿದದ್ದು ಕಡಲಿಗೆ ಹೋಗುವ ಮುನ್ನ ನಮಗೆ ದರ್ಶನ ಕೊಡುತ್ತದೆ. ಮನೆಯ ಹಿಂದೆ ಬಿಟ್ಟಿಯಾಗಿ ಹರಿಯುವ ನೀರನ್ನೇ ಅಷ್ಟು ದೂರ ಬೆನ್ನಟ್ಟಿ ಹೋಗಿ, ಗಾಜಿನಲ್ಲಿ ನೋಡಿ, ದುಡ್ಡು ಕೊಟ್ಟು ಬರುವ ಈ ಕ್ರಿಯೆಗೆ ‘ಪುನರ್ಜಲೀಕರಣ’ ಎಂಬ ಸಂಜ್ಞೆಯನ್ನು ಸೂಚಿಸುತ್ತಿದ್ದೇನೆ. ಸುಳ್ಯದವರು ಇಲ್ಲಿ ಬಚಾವು. ಅವರ ಪಯಸ್ವಿನಿ ಚಂದ್ರಗಿರಿಯಾಗಿ ಕಾಸರಗೋಡಿನಲ್ಲಿ ಕಡಲು ಸೇರುತ್ತದೆ. ಮಂಗಳೂರಿನಲ್ಲಿ ಅವರು ನೋಡುವುದು ಪರರ ನೀರು. ಕೊಟ್ಟ ಹಣಕ್ಕೆ ಅಷ್ಟರಮಟ್ಟಿಗೆ ನ್ಯಾಯ.

1923ರ ಮಾರಿಬೊಳ್ಳವೆಂಬ ಮಹಾನೆರೆಯಲ್ಲಿ ಇದೇ ನೀರು ಉಪ್ಪಿನಂಗಡಿ, ಪಾಣೆಮಂಗಳೂರು, ಬಂಟ್ವಾಳದ ಮನೆಗಳ ಒಳಕ್ಕೇ ಬಂದು ದರ್ಶನ ಕೊಟ್ಟಿತ್ತು. ಆಗ ಯಾರೂ ‘ವ್ಯೂ’ಗೆಂದು ಹಣ ಕೇಳಿದ ದಾಖಲೆಯಿಲ್ಲ.

ಅಧ್ಯಾಯ 3: ಆಸನಭೂಮಿಯ ವರ್ಗೀಕರಣ

ನಮ್ಮ ಹಿರಿಯರು ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ಮಾಡಿದ್ದರು. ತಗ್ಗಿನ ಬೈಲಿಗೆ ನೀರಿನ ಚಿಂತೆಯಿಲ್ಲ. ನಡುವಿನ ಮಜಲಿಗೆ ಒಂದಷ್ಟು ಕಾಲ ಉಂಟು. ಮೇಲಿನ ಬೆಟ್ಟು ಮಳೆಯನ್ನೇ ನಂಬಿದ್ದು. ಹೋಟೆಲಿನ ಮೇಜುಗಳಿಗೆ ಈ ವಿಂಗಡಣೆ ಇದ್ದ ಹಾಗೇ ಅನ್ವಯವಾಗುತ್ತದೆ.

ಗಾಜಿನ ಪಕ್ಕದ್ದು ಬೈಲು. ಅದು ಯಾವಾಗ ಹೋದರೂ ‘ರಿಸರ್ವ್ಡ್’. ಯಾರಿಗೆಂದು ಕೇಳಬಾರದು, ನಾವು ಉಂಡು ಏಳುವವರೆಗೂ ಆ ಪುಣ್ಯಾತ್ಮರು ಬರುವುದಿಲ್ಲ. ಮಜಲಿನಲ್ಲಿ ಕೂತರೆ, ಕತ್ತು ಪೂರಾ ತಿರುಗಿಸಿದಲ್ಲಿ ನದಿಯ ಒಂದು ತುಂಡೂ ಪಕ್ಕದವರ ಅಂಜಲಿನ ಒಂದು ತುಂಡೂ ಕಾಣುತ್ತದೆ. ಬೆಟ್ಟು ಇರುವುದು ಅಡುಗೆಕೋಣೆಯ ಬಾಗಿಲಿಗೂ ಶೌಚಾಲಯದ ಬಾಗಿಲಿಗೂ ನಡುವೆ. ಬಾಗಿಲಲ್ಲಿ ನಿಂತ ಕೋಟಿನವರು ಅಪ್ಪನ ಪಂಚೆಯನ್ನೂ ಅಮ್ಮನ ಕೈಯ ತೊಟ್ಟೆಯನ್ನೂ ಒಮ್ಮೆ ನೋಡಿದರೆ ಸಾಕು, ತಾಲೂಕು ಕಚೇರಿಯಲ್ಲಿ ವರ್ಷಗಟ್ಟಲೆ ಹಿಡಿಯುವ ಸರ್ವೆ ಕಾರ್ಯ ಅರೆಕ್ಷಣದಲ್ಲಿ ಮುಗಿಯುತ್ತದೆ. ನಾವು ಬಹುತೇಕ ಬೆಟ್ಟಿನ ಒಕ್ಕಲು.

ಇದರ ಮುಂದೆ ಏಣೆಲು ಮೇಜು, ಸುಗ್ಗಿ ಮೇಜು, ಕೊಳಕೆ ಮೇಜು ಎಂಬ ಋತುಮಾನದ ಉಪವಿಭಾಗಗಳನ್ನೂ ಯೋಜಿಸಿದ್ದೆ. ಬೇಡ. ಮೂರು ಬೆಳೆಯ ಲೆಕ್ಕ ಗೊತ್ತಿರುವವರೇ ಕಡಿಮೆಯಾಗಿದ್ದಾರೆ. ತಮಾಷೆ ಯಾರಿಗೆ ತಾಗೀತು?

ಅಧ್ಯಾಯ 4: ತಮಸ್ಸಿನ ಸೌಂದರ್ಯಶಾಸ್ತ್ರ

ಬೆಲೆ ಏರಿದಂತೆ ಬೆಳಕು ಇಳಿಯುತ್ತದೆ. ಬಸ್‌ಸ್ಟ್ಯಾಂಡಿನ ಬದಿಯ ಊಟದ ಹೋಟೆಲಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ಬಂಗುಡೆಯ ಮುಳ್ಳು ಒಂದೊಂದೂ ಕಾಣುತ್ತದೆ. ಮೇಲ್ದರ್ಜೆಯಲ್ಲಿ ಎದುರು ಕೂತವರು ಬೀಗರೋ ಬೇರೆಯವರೋ ಎಂಬುದೂ ಅನುಮಾನಪ್ರಮಾಣಕ್ಕೆ ಬಿಟ್ಟದ್ದು. ಅಪ್ಪ ಮೊಬೈಲಿನ ಟಾರ್ಚು ಹಾಕಿ ಮೆನು ಓದಲು ಹೊರಟರೆ ಮಗ ‘ಆಫ್ ಮಾಡಿ ಅಪ್ಪ’ ಎಂದು ಹಲ್ಲು ಕಚ್ಚುತ್ತಾನೆ.

ಟಾರ್ಚಿನಲ್ಲೂ ಕಾಣದ ಒಂದು ಸಂಗತಿಯೆಂದರೆ ಮೀನಿನ ಬೆಲೆ. ಕಾಣೆ, ಮಾಂಜಿ, ಅಂಜಲ್ ಇವುಗಳ ಎದುರು ಎ.ಪಿ.ಎಸ್. ಎಂಬ ಬೀಜಾಕ್ಷರ ಮಾತ್ರ ಇರುತ್ತದೆ. ಮೀನಿನ ಗಾತ್ರಕ್ಕೆ ತಕ್ಕ ಬೆಲೆ ಎಂಬುದು ವಾಚ್ಯ. ಗಿರಾಕಿಯ ಗಾತ್ರಕ್ಕೆ ತಕ್ಕ ಬೆಲೆ ಎಂಬುದು ಧ್ವನಿ. ಆನಂದವರ್ಧನನು ಈ ಮೆನು ಕಂಡಿದ್ದರೆ ಧ್ವನ್ಯಾಲೋಕಕ್ಕೆ ಐದನೆಯ ಉದ್ಯೋತ ಬರೆಯುತ್ತಿದ್ದ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ನಾಡದೋಣಿಯವರಿಗೆ ಸಿಕ್ಕ ಅಷ್ಟಿಷ್ಟೇ ಗತಿ. ಮೆನುವಿಗೆ ಮಾತ್ರ ಮಳೆಗಾಲವಿಲ್ಲ.

‘ಇವತ್ತಿನದ್ದಾ?’

‘ಫ್ರೆಶ್ ಸರ್.’

‘ಈ ಗಾಳಿಮಳೆಗೆ ಯಾವ ದೋಣಿ ಹೋಗಿತ್ತು ಮಾರಾಯ್ರೆ?’

‘ಚೆಫನ್ನು ಕೇಳಿ ಬರ್ತೇನೆ ಸರ್’ ಎಂದು ಹೋದವರು ಬರುವಾಗ ಮೀನೇ ಬಂದಿರುತ್ತದೆ, ಹುರಿದು.

ಶಾಕಾಹಾರಿಗಳ ವಿಚಾರ ಬೇಗ ಮುಗಿಯುತ್ತದೆ: ಪನೀರು.

ಅಧ್ಯಾಯ 5: ಬಿಲ್ಲೆಂಬ ಪಠ್ಯ

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿ, ಸೇವಾ ಶುಲ್ಕವನ್ನು ಹೋಟೆಲಿನವರು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು ಎಂದಿತು. ಹೋಟೆಲು ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಇಷ್ಟಾದ ಮೇಲೂ ಬಿಲ್ಲಿನಲ್ಲಿ ಅದು ನುಸುಳಿಕೊಂಡಿದ್ದರೆ ತೆಗೆಸಲು ಗಿರಾಕಿ ಬಾಯಿ ಬಿಡಬೇಕು. ಹೊಸ ಬೀಗರ ಎದುರು ಕೂತ ಅಡಿಕೆ ಕೃಷಿಕ ಬಾಯಿ ಬಿಟ್ಟಾನೆಯೇ? ಕಾನೂನು ಅವನ ಪರವಾಗಿದೆ, ಮರ್ಯಾದೆ ಹೋಟೆಲಿನ ಪರವಾಗಿದೆ.

ಬಾಟಲಿ ನೀರಿನಲ್ಲಿ ಕಾನೂನೂ ಅವನ ಪರವಾಗಿಲ್ಲ. ಹೋಟೆಲುಗಳು ಎಂ.ಆರ್.ಪಿ.ಗಿಂತ ಹೆಚ್ಚಿಗೆ ನೀರು ಮಾರಬಹುದೆಂದು 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅಲ್ಲಿ ಬರೀ ನೀರಿನ ಮಾರಾಟವಲ್ಲ, ಸೇವೆಯೂ ವಾತಾವರಣವೂ ಸೇರಿದೆ ಎಂಬುದು ತರ್ಕ. ಬಿಲ್ಲು ಮೇಜಿಗೆ ಬಂದ ಮೇಲೆ ಉಂಟಾಗುವ ವಾತಾವರಣ ಇದರಲ್ಲಿ ಸೇರಿದೆಯೇ ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟದ್ದು.

ಅಧ್ಯಾಯ 6: ಗೋಡೆ

ಬೆಟ್ಟಿನ ಮೇಜಿನಲ್ಲಿ ಕೂತವರಿಗೆ ನದಿ ಕಾಣದು, ಗೋಡೆ ಕಾಣುತ್ತದೆ. ಅಂಥದೊಂದು ಗೋಡೆಯಲ್ಲಿ ನೊಗ, ಕಳಸೆ, ಮುಟ್ಟಾಳೆ, ನಡುವೆ ಒಂದು ಗೊರಬು. ಇಡೀ ಕೋಣೆಯಲ್ಲಿ ನೆಟ್ಟಗೆ ಬೆಳಕು ಬಿದ್ದದ್ದು ಅದಕ್ಕೊಂದಕ್ಕೇ. ಗುಜರಿಯವರು ನಮ್ಮ ಅಟ್ಟಗಳಿಂದ ಹೊತ್ತುಕೊಂಡು ಹೋದ ಸಾಮಾನು ಎಲ್ಲಿಗೆ ಹೋಯಿತೆಂದು ಅವತ್ತು ಗೊತ್ತಾಯಿತು. ಗೊರಬನ್ನು ತಲೆಕೆಳಗಾಗಿ ತೂಗಹಾಕಿದ್ದರು. ಮೊದಲು ಕಂಡದ್ದು ಅಮ್ಮನಿಗೆ. ‘ಅದನ್ನು ತಿರುಗಿಸಿ ಹಾಕಬೇಕು ಮಗಾ’ ಎಂದು ಬಡಿಸುವ ಹುಡುಗನಿಗೆ ಹೇಳಿದಳು. ಎಲ್ಲಿಯ ಹುಡುಗನೋ, ಕನ್ನಡ ಬಾರದು. ನಕ್ಕು, ಇನ್ನೊಂದು ಬಾಟಲಿ ನೀರು ತಂದಿಟ್ಟ.

ಅವನ ಮೇಲೆ ಸಿಟ್ಟಿಲ್ಲ. ಗೋಡೆಗೆ ಡಿಸೈನು ಮಾಡಿದವರ ಮೇಲಿದೆ. ಗೊರಬು ಎಂದರೆ ಆಟಿಯ ಮಳೆಯಲ್ಲಿ ಬೆನ್ನು ಬಗ್ಗಿಸಿ ನೇಜಿ ನೆಡುವ ಹೆಂಗಸರು ತಲೆಯಿಂದ ಬೆನ್ನಿನುದ್ದಕ್ಕೂ ಹೊದ್ದುಕೊಳ್ಳುತ್ತಿದ್ದದ್ದು. ನಮ್ಮಂಥ ಮನೆಗಳ ಅಮ್ಮಂದಿರು ಹೊದ್ದದ್ದಲ್ಲ. ನಮ್ಮ ಗದ್ದೆಗೆ ನಾಟಿಗೆ ಬರುತ್ತಿದ್ದವರದ್ದು. ಅವರ ಮಜೂರಿ ಭತ್ತದಲ್ಲಿ ಅಳೆದು ಹಾಕುವುದು. ಗಂಜಿ ಅಂಗಳದ ಆಚೆ ಬದಿಯಲ್ಲಿ, ಅಡಿಕೆ ಹಾಳೆಯಲ್ಲಿ, ಏಕೆಂದರೆ ನಮ್ಮ ಬಟ್ಟಲು ಅವರು ಮುಟ್ಟಬಾರದು. ಈ ಹೋಟೆಲಿನ ಮೆನುವಿನಲ್ಲಿಯೂ ಹಾಳೆಯಲ್ಲಿ ಗಂಜಿ ಉಂಟು. ‘ಅಥೆಂಟಿಕ್’ ಎಂದು ಬರೆದಿದ್ದಾರೆ. ಹೌದು, ಪೂರ್ತಿ ಅಥೆಂಟಿಕ್. ಅಂಗಳದ ಆಚೆ ಕೂರಿಸುವುದನ್ನೂ ಅವರು ಬಿಟ್ಟಿಲ್ಲ. ನಾವು ಕೂತ ಜಾಗ ಹಾಗೇ ಇತ್ತು. ಆದರೆ ನಮಗಾದ ಅವಮಾನ ಒಂದು ರಾತ್ರಿಯದ್ದು, ದುಡ್ಡು ಕೊಟ್ಟು ಕೊಂಡದ್ದು.

ಆ ಗದ್ದೆಗಳೂ ಈಗ ಇಲ್ಲ. ಅತಿಕಾರೆ, ಕಯಮೆ ಭತ್ತ ಬೆಳೆಯುತ್ತಿದ್ದ ಬೈಲುಗಳಲ್ಲಿ ಬಸಿಗಾಲುವೆ ತೆಗೆದು ಅಡಿಕೆ ಇಟ್ಟೆವು. ನಾಟಿಗೆ ಜನ ಸಿಗುವುದಿಲ್ಲ ಎಂದೆವು. ಸಿಗುತ್ತಿದ್ದ ಕಾಲದಲ್ಲಿ ಕೊಟ್ಟದ್ದೆಷ್ಟು ಎಂದು ಹೇಳಲಿಲ್ಲ. ಸಂಪಾಜೆ, ಅರಂತೋಡಿನ ಕಡೆ ಹಳದಿ ಎಲೆ ರೋಗ ತೋಟಗಳನ್ನೂ ತಿಂದಿತು. ಅಲ್ಲಿ ಗದ್ದೆಯೂ ಇಲ್ಲ, ತೋಟವೂ ಇಲ್ಲ. ಕುಚ್ಚಲಕ್ಕಿ ಅಂಗಡಿಯಿಂದ ಚೀಲದಲ್ಲಿ ಬರುತ್ತದೆ. ಇಷ್ಟೆಲ್ಲ ಆದವರು ಒಂದು ರಾತ್ರಿ ಪೇಟೆಗೆ ಹೋಗಿ, ಮಂದ ಬೆಳಕಿನಲ್ಲಿ ಆ ಗಂಜಿಯನ್ನು ಹೇಳಿ ತರಿಸಿಕೊಂಡು, ಚಮಚದಲ್ಲಿ ಬಾಯಿಗಿಟ್ಟು, ‘ಪರವಾಗಿಲ್ಲ, ನಮ್ಮ ಮನೆಯದ್ದರ ಹಾಗೇ ಉಂಟು’ ಎನ್ನುವುದಿದೆಯಲ್ಲ, ಅದಕ್ಕೆ ಹೊಂದುವ ಪರಿಭಾಷೆ ಯಾವ ವಿಚಾರಸಂಕಿರಣದಲ್ಲಿಯೂ ನನಗೆ ಸಿಕ್ಕಿಲ್ಲ.

ಅಧ್ಯಾಯ 7, ‘ಎಳನೀರು ಪಾಯಸದ ತಾತ್ತ್ವಿಕ ನೆಲೆಗಳು’, ಬಾಕಿ ಉಳಿಯಿತು. ಪಿಎಚ್‌ಡಿ ವಿದ್ಯಾರ್ಥಿಗಳು ಯಾರಾದರೂ ಎತ್ತಿಕೊಳ್ಳಬಹುದು. ಕ್ಷೇತ್ರಕಾರ್ಯಕ್ಕೆ ಹೋದಾಗ ಮಾರ್ಗದರ್ಶಕರ ಬಿಲ್ಲನ್ನೂ ಅವರೇ ಕೊಡಬೇಕಾಗುತ್ತದೆ.