ಕೆಂಡಪ್ಪನ ಕಾಡಡುಗೆ

ಮನೆಯಲ್ಲಿ ಸಾಸಿವೆ ಡಬ್ಬಿ ಯಾವುದು, ಗಸಗಸೆ ಡಬ್ಬಿ ಯಾವುದು ಎಂದು ಗೊತ್ತಿಲ್ಲದ ಗಂಡಸು, ಹಾಸನ ದಾಟಿ ತಣ್ಣನೆ ಗಾಳಿ ಮುಖಕ್ಕೆ ಬಡಿದದ್ದೇ ತಡ, ನಳಮಹಾರಾಜನ ಖಾಸಾ ಶಿಷ್ಯನಾಗಿಬಿಡುತ್ತಾನೆ. ಬೆಂಗಳೂರಿನಿಂದ ಹೊರಡುವ ಪ್ರತಿ ಚಾರಣದ ಗುಂಪಿನಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ. ಆಧಾರ್ ಕಾರ್ಡಿನಲ್ಲಿ ಹೆಸರು ಏನೇ ಇರಲಿ, ನಾವು ಕೆಂಡಪ್ಪ ಎನ್ನೋಣ.

ಕೆಂಡಪ್ಪನನ್ನು ಸದ್ದಿನಿಂದಲೇ ಗುರುತು ಹಿಡಿಯಬಹುದು. ಉಳಿದವರ ಬ್ಯಾಗಿನಲ್ಲಿ ಮಳೆಕೋಟು, ಟಾರ್ಚು, ಜಿಗಣೆಗೆಂದು ನಶ್ಯ ಇದ್ದರೆ ಇವನ ಬ್ಯಾಗು ನಡೆದಾಗಲೆಲ್ಲ ಠಣ್ ಠಣ್ ಎನ್ನುತ್ತದೆ. ಒಳಗಿರುವುದು ಅಜ್ಜಿಯ ಕಾಲದ ಬೀಡಿನ ಕಾವಲಿ. ಆ ಕಾವಲಿಯನ್ನು ಅವನು ಹೊರುವುದು ಬಸ್ಸಿನಿಂದ ಇಳಿದು ಏರು ಶುರುವಾಗುವ ತನಕ ಮಾತ್ರ. ಆಮೇಲೆ 'ಟೀಮ್ ಸ್ಪಿರಿಟ್' ಎಂಬ ವಿಷಯ ಪ್ರಸ್ತಾಪಕ್ಕೆ ಬರುತ್ತದೆ. ಗುಂಪಿನಲ್ಲಿ ಹೊಸಬ ಯಾರೋ ಅವನ ಬೆನ್ನಿಗೆ ಕಾವಲಿ ವರ್ಗಾವಣೆಯಾಗುತ್ತದೆ.

ಪೊಟ್ಟಣದ ಆಹಾರ ಕಂಡರೆ ಅವನಿಗೆ ಮೈಯೆಲ್ಲ ಉರಿ. ಯಾರಾದರೂ ಬಿಸಿಬೇಳೆಬಾತಿನ ಪೊಟ್ಟಣ ಹೊರತೆಗೆದರೆ ಸಾಕು, "ಇದನ್ನ ತಿನ್ನೋಕೆ ಇಷ್ಟು ದೂರ ಬರಬೇಕಿತ್ತಾ ಗುರೂ?" ಮೈಸೂರಿನಲ್ಲಿ 1961ರಲ್ಲೇ ಒಂದು ರಕ್ಷಣಾ ಆಹಾರ ಸಂಶೋಧನಾಲಯ ಶುರುವಾಯಿತು, ಹಿಮದ ಗಡಿಯಲ್ಲಿ ನಿಂತ ಯೋಧರೂ ಪೊಟ್ಟಣ ಬಿಸಿಮಾಡಿಕೊಂಡೇ ಊಟ ಮುಗಿಸುತ್ತಾರೆ ಎಂದು ನಾವು ಹೇಳಿ ನೋಡಿದ್ದೇವೆ. "ಅವರಿಗೆ ಟೈಮ್ ಇರಲ್ಲ" ಎನ್ನುತ್ತಾನೆ. ಅವನಿಗೆ ಬೇಕಾದಷ್ಟಿದೆ.

ಇನ್ನೊಂದು ಉರಿ ಅರಣ್ಯ ಇಲಾಖೆಯ ಮೇಲೆ. ಕುಮಾರ ಪರ್ವತ ಪುಷ್ಪಗಿರಿ ವನ್ಯಧಾಮಕ್ಕೆ ಸೇರಿದ್ದು, ಅಲ್ಲಿ ಬೆಂಕಿ ಹಾಕುವಂತಿಲ್ಲ. ಕುದುರೆಮುಖದಲ್ಲೂ ಇಲ್ಲ. ಬೇಸಿಗೆಯಲ್ಲಿ ಶೋಲಾ ಕಾಡಿನ ಅಂಚಿನ ಒಣಹುಲ್ಲಿಗೆ ಒಂದು ಕಿಡಿ ಸಾಕು, ಗುಡ್ಡಕ್ಕೆ ಗುಡ್ಡವೇ ಹೋಗುತ್ತದೆ. ಇಲಾಖೆಯ ಮಾತು ನೂರಕ್ಕೆ ನೂರು ಸರಿ. ಕೆಂಡಪ್ಪನಿಗೆ ಮಾತ್ರ ಇದು ತನ್ನ ಪ್ರತಿಭೆಯ ವಿರುದ್ಧ ಹೂಡಿದ ಸಂಚು. ಹಾಗಾಗಿ ಅವನ ಪಾಕಶಾಲೆ ಹಗಲೆಲ್ಲ ಗುಡ್ಡ ಹತ್ತಿಳಿದ ಮೇಲೆ, ಸಕಲೇಶಪುರದ ಕಡೆ ಪರಿಚಿತರ ಕಾಫಿ ತೋಟದ ಕಣದಲ್ಲಿ ತೆರೆಯುತ್ತದೆ.

ಬೆಂಕಿಪೊಟ್ಟಣ ಅವನಿಗೆ ವರ್ಜ್ಯ. ಆನ್‌ಲೈನಿನಲ್ಲಿ ತರಿಸಿದ ಚಕಮಕಿ ಕಡ್ಡಿಯನ್ನು ಚಾಕುವಿನ ಬೆನ್ನಿಗೆ ಗೀರುತ್ತಾ ಕೂರುತ್ತಾನೆ. ಕಿಡಿ ಬರುತ್ತದೆ, ಬೆಂಕಿ ಬರುವುದಿಲ್ಲ. ಕೊನೆಗೆ ಯಾರೋ ಸುಬ್ರಹ್ಮಣ್ಯನಿಗೆಂದು ತಂದಿದ್ದ ಕರ್ಪೂರಕ್ಕೆ ಲೈಟರ್ ತಾಗಿಸಿ ತೆಂಗಿನ ನಾರಿನ ನಡುವೆ ಇಡುತ್ತಾರೆ. "ನೋಡಿದ್ರಾ, ಹತ್ತಿಕೊಳ್ತು!" ಎನ್ನುವವನು ಕೆಂಡಪ್ಪನೇ.

ಅಲ್ಲಿಂದ ಹೊಗೆ. ಕಣದ ಮೂಲೆಯಲ್ಲಿ ಕೂತು ನೋಡುತ್ತಿದ್ದ ತೋಟದ ಕೆಲಸಗಾರರ ಲೈನ್ ಮನೆಯ ವಯಸ್ಸಾದ ಹೆಂಗಸು ಒಮ್ಮೆ ತಡೆಯಲಾರದೆ ಹೇಳಿಯೇಬಿಟ್ಟಳು: "ಹಸಿ ಸೌದೆ ಅಲ್ವಾ ಸಾರ್, ಹೊಗೆ ಬಿಟ್ಟು ಇನ್ನೇನು ಬರ್ತದೆ?" ಕೆಂಡಪ್ಪ ಅವಳಿಗೆ 'ಸ್ಮೋಕಿ ಫ್ಲೇವರ್' ಎಂದರೇನೆಂದು ವಿವರಿಸಿದ. ಕಣ್ಣೊರೆಸಿಕೊಳ್ಳುತ್ತಲೇ ವಿವರಿಸಿದ. ಹೊಗೆ ಕಳೆದು ಸೌದೆ ಹೊತ್ತಿತೋ, ಆಗ ಕಾಮದಹನ. ಉರಿ ಆಳೆತ್ತರ; ಪಾತ್ರೆಯ ತಳ ಸೀದು, ಮೇಲಿನ ಬೇಳೆ ಕಲ್ಲಿನ ಹಾಗೆಯೇ ಇರುತ್ತದೆ.

ಬೇಳೆ ಬೇಯದಿದ್ದರೆ ಅದಕ್ಕೂ ವಿಜ್ಞಾನವಿದೆ. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಇಳಿಯುತ್ತದೆ, ನೀರು ಬೇಗ ಕುದಿಯುತ್ತದೆ, ಬೇಳೆ ನಿಧಾನವಾಗುತ್ತದೆ. ಸುಳ್ಳಲ್ಲ. ಕುಮಾರ ಪರ್ವತದ ನೆತ್ತಿಯಲ್ಲಿ, 1,712 ಮೀಟರಿನಲ್ಲಿ, ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ. ಆದರೆ ಕೆಂಡಪ್ಪ ಈ ಉಪನ್ಯಾಸ ಕೊಡುತ್ತಿದ್ದುದು ಸಕಲೇಶಪುರದಲ್ಲಿ. ಅಲ್ಲಿ ಕಡಿಮೆಯಾಗುವುದು ಮೂರೇ ಡಿಗ್ರಿ. ಮಿಕ್ಕ ತಪ್ಪು ಬೇಳೆಯದಲ್ಲ.

ಆ ರಾತ್ರಿಯ ಮುಖ್ಯ ಆಕರ್ಷಣೆ ಬಿದಿರಿನ ಕೋಳಿ. ಆಂಧ್ರದ ಅರಕು ಕಣಿವೆಯಲ್ಲಿ ಇದನ್ನು ಬೊಂಗು ಚಿಕನ್ ಎನ್ನುತ್ತಾರೆ. ಮಸಾಲೆ ಹಚ್ಚಿದ ಕೋಳಿಯನ್ನು ಹಸಿ ಬಿದಿರಿನ ಅಂಡೆಗೆ ತುಂಬಿ, ಬಾಯಿಗೆ ಎಲೆ ತುರುಕಿ ಕೆಂಡದ ಮೇಲೆ ಹೊರಳಿಸುತ್ತಾ ಇದ್ದರೆ ಬಿದಿರಿನ ನೀರಲ್ಲೇ ಮಾಂಸ ಬೇಯುತ್ತದೆ, ಎಣ್ಣೆಯೂ ಬೇಡ. ಕೆಂಡಪ್ಪ ವಿಡಿಯೋ ಪೂರ್ತಿ ನೋಡಿದ್ದ, 'ಹಸಿ' ಎಂಬ ಮಾತೊಂದನ್ನು ಬಿಟ್ಟು. ತೋಟದ ಬೇಲಿಯಿಂದ ನಾಲ್ಕು ಬೇಸಿಗೆ ಕಂಡ ಗಳ ಕಿತ್ತು ತಂದ. ಸೌದೆ ಒಣಗಿರಬೇಕಾದ ಕಡೆ ಹಸಿ, ಬಿದಿರು ಹಸಿಯಾಗಿರಬೇಕಾದ ಕಡೆ ಒಣಗಿದ್ದು: ಆಯ್ಕೆಯಲ್ಲಿ ಅವನಿಗೊಂದು ಸ್ಥಿರತೆ ಇದೆ.

ಗಳ ಉದ್ದವಾಯಿತೆಂದು ಕತ್ತರಿಸುವ ಗೋಜಿಗೂ ಹೋಗಲಿಲ್ಲ. ಮೇಲಿನ ಅಂಡೆಯಲ್ಲಿ ಕೋಳಿ, ಕೆಳಗೆ ಗೆಣ್ಣಿಂದ ಗೆಣ್ಣಿಗೆ ಮುಚ್ಚಿದ ಖಾಲಿ ಅಂಡೆ, ಅದರೊಳಗೆ ಗಾಳಿ, ಅದರಡಿಗೆ ಆಳೆತ್ತರದ ಉರಿ. "ಹೊರಳಿಸೋರು ಯಾರ್ರೀ?" ಎಂದು ಅವನು ಕೇಳುತ್ತಿದ್ದಂತೆ ಢಮಾರ್! ಕೆಂಡವೆಲ್ಲ ಕಣದ ತುಂಬ. ತೋಟದ ನಾಯಿ ಬಾಲ ಮುದುರಿ ಓಡಿದ್ದು ಬೆಳಗಿನ ತನಕ ಪತ್ತೆಯಿಲ್ಲ. ಆ ಸೀಮೆಯಲ್ಲಿ ರಾತ್ರಿ ಹೊತ್ತು ಸದ್ದು ಕೇಳಿದರೆ ಅರ್ಥ ಒಂದೇ: ಆನೆ ಇಳಿದಿದೆ, ಪಟಾಕಿ ಹೊಡೆಯುತ್ತಿದ್ದಾರೆ. ಎರಡು ನಿಮಿಷದಲ್ಲಿ ಪಕ್ಕದ ತೋಟದಿಂದ ನಮ್ಮ ಆತಿಥೇಯರಿಗೆ ಫೋನು.

"ಏನ್ರೀ, ಎಷ್ಟಿದಾವೆ? ಮರಿ ಇದೆಯಾ?"

"ಇಲ್ಲ ಕಣ್ರೀ, ಒಂದೇ. ಒಂಟಿ ಸಲಗ. ಬೆಂಗಳೂರಿಂದ ಬಂದಿದೆ."

ಮುಂದಿನದನ್ನು ಆ ಹೆಂಗಸು ನೋಡಿಕೊಂಡಳು. ಉರಿಯುವ ಕೊಳ್ಳಿಗಳನ್ನು ಹಿಂದಕ್ಕೆ ಎಳೆದಳು, ಮೂರು ಕಲ್ಲು ಹೂಡಿ ನಡುವೆ ಕೆಂಡ ತಳ್ಳಿದಳು. ಬೂದಿಗೆ ನೀರು ಕಲಸಿ ಪಾತ್ರೆಯ ಹೊರಮೈಗೆ ಬಳಿದಳು. ಹೀಗೆ ಬಳಿದರೆ ಮಸಿ ತೊಳೆಯುವಾಗ ತಿಕ್ಕಬೇಕಿಲ್ಲ. ಒಲೆ ಪಕ್ಕಕ್ಕೆ ಸರಿಸಿದ ಕಾಫಿ ಗಿಡದ ಒಣ ಕಟ್ಟಿಗೆಯನ್ನು ಒಂದೊಂದಾಗಿ, ಬೇಕಾದಾಗ, ಬೇಕಾದಷ್ಟೇ ಒಳಕ್ಕೆ ನೂಕುತ್ತಾ ಹೋದಳು. ಸಿಡಿಯದೆ ಉಳಿದ ಕೋಳಿ ಪಾತ್ರೆ ಸೇರಿತು. ಕೆಂಡಪ್ಪ ಪಕ್ಕದಲ್ಲಿ ಸೌಟು ಹಿಡಿದು ನಿಂತಿದ್ದ. ಆಗಾಗ ಮುಚ್ಚಳ ತೆಗೆದು ಆವಿ ಮೂಸಿ, "ಇನ್ನೈದು ನಿಮಿಷ" ಎನ್ನುತ್ತಿದ್ದ. ಫೋಟೋದಲ್ಲಿ ಇರುವುದೆಲ್ಲ ಆ ಭಂಗಿಯೇ.

ಎಲೆ ಹಾಕಿದಾಗ ರಾತ್ರಿ ಹನ್ನೊಂದೂವರೆ. ಹಸಿವು ರುಚಿಯರಿಯದು ಎಂಬ ಗಾದೆಯೇ ಕೆಂಡಪ್ಪನ ಗುಟ್ಟಿನ ಮಸಾಲೆ. ಬೆಳಗ್ಗೆ ಎರಡು ಇಡ್ಲಿ ತಿಂದು ಗುಡ್ಡ ಹತ್ತಿದವರು ಆ ಹೊತ್ತಿಗೆ ಬಾಳೆಲೆಯನ್ನೂ ಹೊಗಳಿಯಾರು. "ಅದ್ಭುತ ಕಣೋ" ಎಂದು ಎಲ್ಲರೂ ಹೇಳಿದೆವು. ಅವನು ವಿನಯದಿಂದ ತಲೆ ತಗ್ಗಿಸಿದ. "ಬೆಂಕಿನ ಅರ್ಥ ಮಾಡ್ಕೋಬೇಕು, ಅಷ್ಟೇ."

ಸೋಮವಾರ ವಾಟ್ಸಾಪಿನಲ್ಲಿ ಲೆಕ್ಕ ಬಂತು. ಸ್ಮೋಕ್ಡ್ ಪ್ಯಾಪ್ರಿಕಾ ಒಂದು ಬಾಟಲಿ, ರೋಸ್‌ಮರಿ ಒಂದು ಪೊಟ್ಟಣ, ಚಕಮಕಿ ಕಡ್ಡಿ, ಸೌಟು. ಪ್ಯಾಪ್ರಿಕಾ ಯಾವುದಕ್ಕೆ ಹಾಕಿದ್ದು ಎಂದು ಒಬ್ಬ ಕೇಳಿದ. ಸೀಲು ಒಡೆದಿಲ್ಲ, ಮುಂದಿನ ಸಲಕ್ಕೆ ಇರಲೆಂದು ಮನೆಯ ಫ್ರಿಜ್ಜಿನಲ್ಲಿಟ್ಟಿದ್ದೇನೆ ಎಂದು ಉತ್ತರ ಬಂತು. ಅದರ ಕೆಳಗೆ ಇನ್ನೊಂದು ಸಾಲು: "ಬೇಲಿ ರಿಪೇರಿ ಖರ್ಚನ್ನು ತೋಟದವರು ತಿಳಿಸಿದ ಮೇಲೆ ಸಮನಾಗಿ ಹಂಚಲಾಗುವುದು."